ಹೊಲ ಮೇಯ್ದದ್ದು ಜಿಂಕೆಯೋ, ಕಡವೆಯೋ, ಹಂದಿಯೋ?



ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿಯೂ ಹನೂರಿನ ಕಾಡಂಚಿನಲ್ಲಿಯೂ ರಾಗಿ ತೆನೆ ಕಟ್ಟುವ ಹೊತ್ತಿಗೆ ರಾತ್ರಿ ಕಾವಲು ಕೂರುವುದು ನಮ್ಮವರಿಗೆ ಹೊಸದಲ್ಲ. ಬೆಳಿಗ್ಗೆ ನಷ್ಟ ಹೇಳಿಕೊಳ್ಳುವಾಗ ಮಾತ್ರ ಬಹುಮಂದಿ "ಕಾಡುಪ್ರಾಣಿ ಮೇಯ್ದು ಹೋಯಿತು" ಎನ್ನುತ್ತಾರೆಯೇ ಹೊರತು ಇಂಥದೇ ಪ್ರಾಣಿ ಎಂದು ಹೇಳುವುದಿಲ್ಲ. ಇನ್ನು ಮುಂದೆ ಅಷ್ಟು ಹೇಳಿದರೆ ಸಾಲದು.

ಕಾರಣವಿದೆ. ಕಾಡುಪ್ರಾಣಿಗಳಿಂದಾಗುವ ಬೆಳೆಹಾನಿಯನ್ನು 2026ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ವ್ಯಾಪ್ತಿಗೆ ಸೇರಿಸುವುದಾಗಿ ಕೇಂದ್ರ ಸರ್ಕಾರವು 2025ರ ನವೆಂಬರಿನಲ್ಲಿ ಪ್ರಕಟಿಸಿತು. ಇದರಂತೆ ಹಾನಿ ಮಾಡುವ ಪ್ರಾಣಿಗಳ ಪಟ್ಟಿಯನ್ನು ರಾಜ್ಯ ಸರ್ಕಾರಗಳು ಹೊರಡಿಸಬೇಕು; ಹೆಚ್ಚು ಹಾನಿಗೊಳಗಾಗುವ ಜಿಲ್ಲೆಗಳನ್ನು ಅಥವಾ ವಿಮಾ ಘಟಕಗಳನ್ನೂ ಗುರುತಿಸಬೇಕು. ರೈತನು ಹಾನಿಯಾದ 72 ಗಂಟೆಗಳೊಳಗೆ ಸ್ಥಳದ ಗುರುತು ದಾಖಲಾಗುವ ಫೋಟೋಗಳನ್ನು ಬೆಳೆವಿಮೆಯ ಆ್ಯಪ್‌ಗೆ ಹಾಕಿ ವರದಿ ಮಾಡಬೇಕು. ಪಟ್ಟಿ ಇರುವುದು ಪ್ರಾಣಿಯ ಹೆಸರಿನಿಂದ. ಆದ್ದರಿಂದ ಹೆಸರು ತಪ್ಪಿದರೆ ಪರಿಹಾರವೂ ತಪ್ಪಬಹುದು. ಈ ದೃಷ್ಟಿಯಿಂದ ಜಿಂಕೆ ಜಾತಿಯ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಕೊಂಬಿನಿಂದ ಕುಲ ಗುರುತಿಸಿರಿ

ಗೊರಸು ಸೀಳಿದ, ಮೆಲುಕು ಹಾಕುವ ಕಾಡುಪ್ರಾಣಿಗಳನ್ನೆಲ್ಲ ನಾವು ಜಿಂಕೆಯೆಂದೇ ಕರೆಯುವುದುಂಟು. ಆದರೆ ಇವುಗಳಲ್ಲಿ ಮೂರು ಬೇರೆ ಬೇರೆ ಕುಲಗಳಿವೆ.

ಮೊದಲನೆಯದು ನಿಜವಾದ ಜಿಂಕೆಯ ಕುಲ. ಇದರಲ್ಲಿ ಗಂಡಿಗೆ ಮಾತ್ರ ಕೊಂಬು. ಕೊಂಬು ಗಟ್ಟಿ ಮೂಳೆಯದು, ಕವಲೊಡೆದದ್ದು. ಅದು ಕಾಲಕಾಲಕ್ಕೆ ಉದುರಿ, ಮಖಮಲ್ಲಿನಂಥ ತೊಗಲು ಹೊದ್ದು ಮತ್ತೆ ಬೆಳೆಯುತ್ತದೆ. ನಮ್ಮ ಚುಕ್ಕೆ ಜಿಂಕೆ, ಕಡವೆ ಮತ್ತು ಕಾಡುಕುರಿ ಈ ಕುಲಕ್ಕೆ ಸೇರಿದವು. ಚುಕ್ಕೆ ಜಿಂಕೆಗೆ ಬಾಳೆಲ್ಲ ಮೈಮೇಲೆ ಬಿಳಿ ಚುಕ್ಕೆ ಇರುತ್ತದೆ. ಹಿಂಡಿನಲ್ಲಿ ಬಯಲು ಹುಲ್ಲು ಮೇಯುತ್ತದೆ. ಕಡವೆ ನಮ್ಮ ದೇಶದ ಜಿಂಕೆಗಳಲ್ಲೆಲ್ಲ ದೊಡ್ಡದು. ಗಂಡು 200 ಕಿಲೋಗಿಂತ ಹೆಚ್ಚು ತೂಗುವುದುಂಟು. ಇದು ಹೆಚ್ಚಾಗಿ ಒಂಟಿಯಾಗಿ ಇಲ್ಲವೆ ಎರಡು ಮೂರರ ಗುಂಪಿನಲ್ಲಿ ರಾತ್ರಿ ಹೊತ್ತು ಹೊರಬೀಳುತ್ತದೆ. ಕಾಡುಕುರಿ ಹೆಸರಿಗೆ ಕುರಿಯಾದರೂ ಜಿಂಕೆಯೇ. ಹೆದರಿದಾಗ ನಾಯಿಯಂತೆ ಬೊಗಳುತ್ತದೆ.

ಎರಡನೆಯದು ಎರಳೆಗಳು. ಇವು ನಮ್ಮ ದನ, ಕುರಿ, ಮೇಕೆಗಳ ಕುಲಕ್ಕೆ ಸೇರಿದವು. ಇವುಗಳ ಕೊಂಬಿನಲ್ಲಿ ಮೂಳೆಯ ತಿರುಳಿನ ಮೇಲೆ ಉಗುರಿನಂಥ ವಸ್ತುವಿನ ಒರೆ ಇರುತ್ತದೆ. ಅದು ಕವಲೊಡೆಯುವುದಿಲ್ಲ, ಉದುರುವುದಿಲ್ಲ. ಬಿಳಿಗಿರಿಯ ಕಾಡಿನ ಕೊಂಡುಕುರಿ ಈ ಬಗೆಯದು. ಗಂಡಿಗೆ ನಾಲ್ಕು ಕೊಂಬು. ಉತ್ತರದ ಬಯಲುಸೀಮೆಯ ಕೃಷ್ಣಮೃಗವೂ ಎರಳೆಯೇ. ಇದಕ್ಕಾಗಿಯೇ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಮಾಡಲಾಯಿತು. ಹಾವೇರಿ, ಗದಗದ ರೈತರು ಜಿಂಕೆ ಕಾಟ ಎಂದರೆ ಅದು ಹೆಚ್ಚಾಗಿ ಈ ಕೃಷ್ಣಮೃಗ. ನಾವು ಜಿಂಕೆ ಎಂದರೆ ಚುಕ್ಕೆ ಜಿಂಕೆ. ಒಂದೇ ರಾಜ್ಯದಲ್ಲಿ ಒಂದೇ ಮಾತಿಗೆ ಎರಡು ಪ್ರಾಣಿ! ಆದ್ದರಿಂದ ಅರ್ಜಿಯಲ್ಲಿ ಬರೀ ಜಿಂಕೆ ಎನ್ನದೆ "ಚುಕ್ಕೆ ಜಿಂಕೆ" ಎಂದೇ ಬರೆಯತಕ್ಕದ್ದು.

ಮೂರನೆಯದು ಬರ್ಕ. ಮೊಲಕ್ಕಿಂತ ತುಸು ದೊಡ್ಡದು. ಕೊಂಬೇ ಇಲ್ಲ; ಗಂಡಿಗೆ ಸಣ್ಣ ಕೋರೆಹಲ್ಲು ಇರುತ್ತದೆ. ದನಕ್ಕೂ ಜಿಂಕೆಗೂ ಹೊಟ್ಟೆಯಲ್ಲಿ ನಾಲ್ಕು ಕೋಣೆಯಾದರೆ ಇದಕ್ಕೆ ಮೂರೇ. ಇದರಿಂದ ಬೆಳೆಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ.

ಹೊಲದಲ್ಲಿ ಸಿಗುವ ಸಾಕ್ಷಿ

ಪ್ರಾಣಿಯನ್ನು ಕಣ್ಣಿಂದ ಕಾಣದಿದ್ದರೂ ಗುರುತು ಹೇಳಬಹುದು. ಜಿಂಕೆ, ಕಡವೆಗಳಿಗೆ ದನಗಳಂತೆಯೇ ಮೇಲ್ದವಡೆಯಲ್ಲಿ ಮುಂಬಲ್ಲು ಇಲ್ಲ. ಆದ್ದರಿಂದ ಅವು ಸೊಪ್ಪನ್ನು ಕಚ್ಚಿ ಎಳೆದು ಹರಿಯುತ್ತವೆ. ಹರಿದ ತುದಿ ಜೂಲುಜೂಲಾಗಿರುತ್ತದೆ. ಮೊಲ ಕಡಿದರೆ ಕುಡುಗೋಲಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ. ಕಾಡುಹಂದಿಯಾದರೆ ನೆಲ ಉತ್ತಂತೆ ಬುಡ ಅಗೆದು, ಮುಸುಕಿನ ಜೋಳದ ದಂಟನ್ನು ಕೆಡವಿ ತುಳಿದಿರುತ್ತದೆ. ಹೆಜ್ಜೆಯನ್ನೂ ನೋಡಿರಿ. ಹಂದಿಯ ಹೆಜ್ಜೆಯಲ್ಲಿ ಹಿಂಬದಿಯ ಎರಡು ಕಿರುಗೊರಸುಗಳು ಅಗಲವಾಗಿ ಮೂಡುತ್ತವೆ. ಜಿಂಕೆಯದರಲ್ಲಿ ಕೆಸರು ನೆಲ ಬಿಟ್ಟು ಬೇರೆಡೆ ಅವು ಮೂಡುವುದು ಅಪರೂಪ. ಕಡವೆಯ ಹೆಜ್ಜೆ ಜಿಂಕೆಯದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಹೆಜ್ಜೆಯ ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇಟ್ಟು ಫೋಟೋ ತೆಗೆದರೆ ಅಳತೆ ತಾನೇ ತಿಳಿಯುತ್ತದೆ.

ಅವು ಹೊಲಕ್ಕೆ ಬರುವುದೇಕೆ?

ನಮ್ಮ ಸುತ್ತ ಕಾಡು ದೊಡ್ಡದಿದೆ. ಬಿಳಿಗಿರಿರಂಗನಬೆಟ್ಟ 1974ರಲ್ಲಿ ಅಭಯಾರಣ್ಯವಾಗಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾವೇರಿ ಅಭಯಾರಣ್ಯ 1987ರದು. ಮಲೆ ಮಹದೇಶ್ವರ ಅಭಯಾರಣ್ಯ 2013ರದು, 906 ಚದರ ಕಿಲೋಮೀಟರ್. ಕಾಡೇನೋ ಇದೆ, ಆದರೆ ಕಾಡಿನಲ್ಲಿ ಮೇವು ಕುಗ್ಗುತ್ತಿದೆ. ಬಿಳಿಗಿರಿ ಕಾಡಿನಲ್ಲಿ ನಡೆದ ಅಧ್ಯಯನವೊಂದರಲ್ಲಿ 1997ರಲ್ಲಿ ಪರೀಕ್ಷಿಸಿದ ತಾಕುಗಳಲ್ಲಿ ಶೇಕಡ 41ರಲ್ಲಿದ್ದ ಲಾಂಟಾನ 2008ರ ಹೊತ್ತಿಗೆ ಶೇಕಡ 81ರಲ್ಲಿ ಕಂಡುಬಂತು. ಲಾಂಟಾನ ದಟ್ಟವಾಗಿ ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ. ಹುಲ್ಲು ಮೇಯುವ ಜಿಂಕೆಗೆ ಕಾಡಂಚಿನ ಹಸಿರು ರಾಗಿ ಹೊಲವೇ ಹುಲ್ಲುಗಾವಲು. ಉಳಿದ ಹುಲ್ಲಿಗೆ ನಮ್ಮ ದನಗಳೂ ಅವೂ ಪೈಪೋಟಿ ನಡೆಸಬೇಕಾಗಿದೆ. ಇದರಿಂದ ಕಾಲುಬಾಯಿ ಜ್ವರದಂಥ ರೋಗ ದನದಿಂದ ಜಿಂಕೆಗೆ, ಜಿಂಕೆಯಿಂದ ದನಕ್ಕೆ ದಾಟುವ ಭಯವೂ ಇದೆ.

ವಿಷದ ದಾರಿ ಹಿಡಿಯಬೇಡಿರಿ

2025ರ ಜೂನ್ 26ರಂದು ಹನೂರು ತಾಲ್ಲೂಕಿನ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದ ಸಂಗತಿ ತಮಗೆಲ್ಲ ಗೊತ್ತು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ಸಿಟ್ಟಿನಿಂದ ವಿಷ ಬೆರೆಸಲಾಗಿತ್ತೆಂಬ ಆರೋಪದ ಮೇಲೆ ಬಂಧನಗಳಾದವು. ಇದರ ಬೆನ್ನಿಗೇ, ಜುಲೈಯಲ್ಲಿ, ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸುವ ಮಾತು ಸರ್ಕಾರದಿಂದ ಬಂತು. ಒಂದು ಕಡೆ ಹಾಕಿದ ವಿಷದ ಫಲವನ್ನು ಕಾಡಂಚಿನ ದನಗಾಹಿಗಳೆಲ್ಲ ಎದುರಿಸಬೇಕಾಯಿತು.

ಕರೆಯುವ ಹಸು ಕಳೆದುಕೊಂಡವನ ಸಂಕಟ ಸಣ್ಣದಲ್ಲ. ಅದನ್ನು ಯಾರೂ ಹಗುರವಾಗಿ ನೋಡಬಾರದು. ಆದರೆ ಲೆಕ್ಕ ಹಾಕಿ ನೋಡಿರಿ. ಬೆಳೆದ ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು. ಕಾಡಿನಲ್ಲಿ ಅದರ ಮುಖ್ಯ ಆಹಾರ ಜಿಂಕೆ, ಕಡವೆ, ಕಾಟಿ, ಹಂದಿ. ಅಂದರೆ ನಮ್ಮ ಹೊಲ ಮೇಯುವ ಪ್ರಾಣಿಗಳೇ. ಹುಲಿಯಿದ್ದ ಮಾತ್ರಕ್ಕೆ ಹೊಲ ಉಳಿಯುತ್ತದೆಂದಲ್ಲ. ಹುಲಿ ಹೋದರೆ ಮೇಯುವ ಬಾಯಿಗಳು ಹೆಚ್ಚುತ್ತವೆಂಬುದು ಮಾತ್ರ ನಿಜ.

ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯ ಕಥೆಯನ್ನೇ ನೋಡಿರಿ. ಮಿತಿಮೀರಿದ ಬೇಟೆಯಿಂದಾಗಿ 1900ರ ಸುಮಾರಿಗೆ ಅಲ್ಲಿ ಅವು 5 ಲಕ್ಷವೂ ಉಳಿದಿರಲಿಲ್ಲವೆಂದು ಅಂದಾಜು. ಆಮೇಲೆ ಬೇಟೆಗೆ ಕಟ್ಟುಪಾಡು ಬಂತು. ಪಾಳುಬಿದ್ದ ಹೊಲಗಳಲ್ಲಿ ಕಾಡು ಮತ್ತೆ ಎದ್ದಿತು. ಅಷ್ಟರಲ್ಲಿ ತೋಳ ಮತ್ತು ಪ್ಯೂಮಾಗಳನ್ನು ಪೂರ್ವದ ಬಹುಭಾಗದಲ್ಲಿ ಜನ ಮುಗಿಸಿಬಿಟ್ಟಿದ್ದರು. ಈಗ ಅಲ್ಲಿ ಜಿಂಕೆಗಳ ಸಂಖ್ಯೆ ಸುಮಾರು 3 ಕೋಟಿ. ಪ್ರತಿವರ್ಷ ಲಕ್ಷಗಟ್ಟಲೆ ಜಿಂಕೆಗಳನ್ನು ಲೈಸೆನ್ಸ್ ಪಡೆದು ಹೊಡೆದರೂ ಮುಸುಕಿನ ಜೋಳ, ಸೋಯಾ ಬೆಳೆಗೆ ಹಾನಿ ತಪ್ಪಿಲ್ಲ. ಬೇಟೆಪ್ರಾಣಿಯ ಕೆಲಸವನ್ನು ಕೋವಿಗೆ ವಹಿಸಿದವರ ಪಾಡು ಇದು.

ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ, ಕಡವೆಗಳ ಬೇಟೆ ಅಪರಾಧ. ಹುಲಿಯಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ.

ಈಗ ಮಾಡಬೇಕಾದ ಕೆಲಸ

1. ಬೆಳೆವಿಮೆಗೆ ಅವಧಿಯೊಳಗೆ ಹೆಸರು ನೋಂದಾಯಿಸಿರಿ. ಚಾಮರಾಜನಗರ ಜಿಲ್ಲೆಗೆ ಯಾವ ಪ್ರಾಣಿಗಳು, ಯಾವ ಬೆಳೆಗಳು ಸೇರಿವೆ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಸೇರಿಲ್ಲದಿದ್ದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಕಳುಹಿಸಿರಿ.

2. ಹಾನಿಯಾದ ದಿನವೇ ಹೆಜ್ಜೆ, ಹಿಕ್ಕೆ, ಕಚ್ಚಿದ ಗಿಡ, ಇಡೀ ಹೊಲ ಹೀಗೆ ನಾಲ್ಕು ಫೋಟೋ ತೆಗೆಯಿರಿ. ಅರಣ್ಯ ಇಲಾಖೆಯ ಪರಿಹಾರಕ್ಕೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಡಿರಿ.

3. ದನವನ್ನು ಹುಲಿ, ಚಿರತೆ ಕೊಂದರೆ ಕಳೇಬರವನ್ನು ಕದಲಿಸದೆ ಅರಣ್ಯದವರಿಗೂ ಪಶುವೈದ್ಯರಿಗೂ ತಿಳಿಸಿರಿ. ವಿಷ ಹಾಕಿದರೆ ಪರಿಹಾರದ ಹಣವೂ ಹೋಯಿತು, ಜೈಲೂ ಬಂತು. ನಾಯಿ, ಹದ್ದುಗಳ ಜೊತೆಗೆ ಹಳ್ಳದ ನೀರಿಗೂ ಅಪಾಯ.

4. ಬೇಲಿಗೆ ಮನೆಯ ವಿದ್ಯುತ್ತನ್ನು ಎಂದಿಗೂ ಕೊಡಬೇಡಿರಿ. ಅದು ಆನೆಯನ್ನೂ ಕೊಲ್ಲುತ್ತದೆ, ನೀರು ಹಾಯಿಸಲು ಹೋದ ಮನೆಯ ಮಗನನ್ನೂ ಕೊಲ್ಲುತ್ತದೆ. ಸೋಲಾರ್ ಬೇಲಿಯಲ್ಲಿ ವಿದ್ಯುತ್ತು ಕ್ಷಣಮಾತ್ರ ಹರಿದು ನಿಲ್ಲುವುದರಿಂದ ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಅಕ್ಕಪಕ್ಕದ ಹೊಲದವರು ಕೂಡಿ ಹಾಕಿದರೆ ಖರ್ಚೂ ಕಡಿಮೆ. ಕಳೆ ತಂತಿಗೆ ತಾಗದಂತೆ ಆಗಾಗ ಸವರುತ್ತಿರಬೇಕು.

5. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿರಿ. ಬದುಗಳಲ್ಲಿ ಮೇವಿನ ಹುಲ್ಲು ಬೆಳೆದುಕೊಂಡರೆ ದನವನ್ನು ಕಾಡಿಗೆ ಅಟ್ಟುವ ಅಗತ್ಯವೂ ಕಡಿಮೆಯಾಗುತ್ತದೆ.

ಕಾಡಂಚಿನ ಲಾಂಟಾನ ಕಿತ್ತು ಹುಲ್ಲು ಬರುವಂತೆ ಮಾಡುವುದು ಅರಣ್ಯ ಇಲಾಖೆಯ ಕರ್ತವ್ಯ. ಅದನ್ನು ಒತ್ತಾಯಿಸಿ ಕೇಳುವ ಹಕ್ಕು ತಮಗಿದೆ. ಹಾಗೆ ಕೇಳುವಾಗ ಯಾವ ಪ್ರಾಣಿ, ಯಾವ ತಿಂಗಳು, ಎಷ್ಟು ಗುಂಟೆ ಎಂಬ ಲೆಕ್ಕ ಕೈಯಲ್ಲಿರಲಿ. ಊರಿಗೊಂದು ನೋಟ್‌ಬುಕ್ ಇಟ್ಟು ಈ ಮುಂಗಾರಿನಿಂದಲೇ ಬರೆದಿಡಲು ಪ್ರಾರಂಭಿಸಿರಿ. ವಾಚನಾಲಯದಲ್ಲಿಯೇ ಆ ಪುಸ್ತಕವಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಓದು ಬಾರದ ನೆರೆಹೊರೆಯವರ ನಷ್ಟವನ್ನೂ ಅದರಲ್ಲಿ ಸೇರಿಸಲು ಮರೆಯಬೇಡಿರಿ.