ಜೊತೆಗಾರನೊಡನೆ ತೂಗುವ ತಕ್ಕಡಿ

ಫಾರ್ಮುಲಾ ಒಂದು ಎಂಬ ಮೋಟಾರು ಪಂದ್ಯದಲ್ಲಿ ಇಬ್ಬರ ಯೋಗ್ಯತೆಯನ್ನು ಅಳೆಯುವುದು ಸುಲಭದ ಕೆಲಸವಲ್ಲ. ಅಲ್ಲಿ ಗೆಲ್ಲುವುದು ಮನುಷ್ಯನೊಬ್ಬನೇ ಅಲ್ಲ. ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಸಾಗಬಲ್ಲ ಯಂತ್ರವೂ ಅವನೊಡನೆ ಗೆಲ್ಲುತ್ತದೆ. ಯಂತ್ರವು ಕೀಳಾಗಿದ್ದರೆ ನಿಪುಣನೂ ಹಿಂದೆ ಬೀಳುತ್ತಾನೆ. ಮೇಲಾಗಿದ್ದರೆ ಸಾಧಾರಣನೂ ಮುಂದೆ ಬರುತ್ತಾನೆ. ಆದುದರಿಂದಲೇ ಒಂದು ತಂಡದ ಒಂದೇ ಮಾದರಿಯ ಎರಡು ಕಾರುಗಳನ್ನು ಓಡಿಸುವ ಇಬ್ಬರನ್ನು ಪರಸ್ಪರ ಹೋಲಿಸುವ ಪದ್ಧತಿ ಬೆಳೆದು ಬಂದಿದೆ. ಚಾಲಕನ ಮೊದಲ ಎದುರಾಳಿ ಅವನ ಜೊತೆಗಾರನೇ ಎಂಬುದು ಆ ರಂಗದಲ್ಲಿ ಗಾದೆಯಂತಾಗಿದೆ. ಈ ತಕ್ಕಡಿ ಎಷ್ಟರ ಮಟ್ಟಿಗೆ ನ್ಯಾಯವಾದುದು, ಅದರಲ್ಲಿ ತೂಗಲ್ಪಡುವ ತರುಣರ ಗತಿಯೇನು ಎಂಬುದನ್ನು ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಹೋಲಿಕೆಯೇ ತಪ್ಪೆಂದು ನಾವು ಹೇಳುವುದಿಲ್ಲ. ಒಂದೇ ಅಡುಗೆಮನೆಯಲ್ಲಿ, ಒಂದೇ ಹಿಟ್ಟಿನಿಂದ, ಒಂದೇ ಕಾವಲಿಯ ಮೇಲೆ ದೋಸೆ ಹೊಯ್ಯುವ ಇಬ್ಬರಲ್ಲಿ ಯಾರ ಕೈ ಪಳಗಿದೆ ಎಂಬುದನ್ನು ಹೋಟೆಲಿನಲ್ಲಿ ದುಡಿಯುವ ನಮ್ಮ ವಾಚಕರು ಕ್ಷಣದಲ್ಲಿ ಗುರುತಿಸಬಲ್ಲರು. ಆದರೆ ಒಬ್ಬನಿಗೆ ಚೆನ್ನಾಗಿ ಕಾದ ಕಾವಲಿಯನ್ನೂ ಮತ್ತೊಬ್ಬನಿಗೆ ಆರಿದ ಒಲೆಯನ್ನೂ ಕೊಟ್ಟು ಬಳಿಕ ತೀರ್ಪು ಹೇಳಿದರೆ, ಅದು ಪರೀಕ್ಷೆಯೆನಿಸದು. ಹೋಲಿಕೆಯ ಬೆಲೆಯೆಲ್ಲ ನಿಂತಿರುವುದು ಸಮಾನ ಅವಕಾಶದ ಮೇಲೆ.

2025ರ ಋತುವನ್ನೇ ತೆಗೆದುಕೊಳ್ಳೋಣ. ಮೆಕ್‌ಲಾರೆನ್ ತಂಡದ ಲ್ಯಾಂಡೊ ನಾರಿಸ್ ಮತ್ತು ಆಸ್ಕರ್ ಪಿಯಾಸ್ಟ್ರಿ ಇಬ್ಬರೂ ತರುಣರು; ಇಬ್ಬರಿಗೂ ಸಮಾನ ಅವಕಾಶವೆಂದು ತಂಡವು ಸಾರಿತ್ತು. ಆಗಸ್ಟ್ ಕೊನೆಯಲ್ಲಿ ಹಾಲೆಂಡಿನ ಪಂದ್ಯ ಮುಗಿದಾಗ ಪಿಯಾಸ್ಟ್ರಿ 34 ಅಂಕಗಳಷ್ಟು ಮುಂದಿದ್ದರು. ಮುಂದಿನ ವಾರ ಇಟಲಿಯ ಮೋಂಝಾದಲ್ಲಿ ನಾರಿಸರ ಕಾರಿಗೆ ಚಕ್ರ ಬದಲಿಸುವಾಗ ತಂಡದವರಿಂದಲೇ ತಡವಾಯಿತು, ಪಿಯಾಸ್ಟ್ರಿ ಮುಂದಾದರು. ತಪ್ಪು ತಮ್ಮದಾದುದರಿಂದ ಎರಡನೆಯ ಸ್ಥಾನವನ್ನು ಹಿಂದಿರುಗಿಸಬೇಕೆಂದು ತಂಡವು ಪಿಯಾಸ್ಟ್ರಿಗೆ ಹೇಳಿತು, ಅವರು ಹಿಂದಿರುಗಿಸಿದರು. ಎರಡನೆಯವನಿಗೆ 18 ಅಂಕ, ಮೂರನೆಯವನಿಗೆ 15. ಋತುವಿನ ಕೊನೆಗೆ ನಾರಿಸರಿಗೆ 423, ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್ನರಿಗೆ 421, ಪಿಯಾಸ್ಟ್ರಿಗೆ 410. ಉಳಿದುದೆಲ್ಲ ನಡೆದಂತೆಯೇ ನಡೆದು, ಮೋಂಝಾದ ಆ 3 ಅಂಕಗಳು ಮಾತ್ರ ಬಾರದೆ ಇದ್ದಿದ್ದರೆ, ನಾರಿಸರು 420ಕ್ಕೆ ನಿಂತು ವಿಶ್ವಪದವಿ ವರ್ಸ್ಟಾಪನ್ನರ ಪಾಲಾಗುತ್ತಿತ್ತು.

ಇದರಿಂದ ನಾರಿಸರ ಗೆಲುವಿಗೆ ಕಳಂಕ ಬಂತೆನ್ನುವುದು ಸರಿಯಲ್ಲ. 2024ರಲ್ಲಿ ಹಂಗೇರಿಯ ಪಂದ್ಯದಲ್ಲಿ ಇದೇ ನಾರಿಸರು ತಂಡದ ಮಾತಿಗೆ ಓಗೊಟ್ಟು ಮೊದಲ ಸ್ಥಾನವನ್ನೇ ಬಿಟ್ಟುಕೊಟ್ಟಿದ್ದರು. ಪಿಯಾಸ್ಟ್ರಿಯ ಪ್ರಥಮ ವಿಜಯ ಅದು. ಕೊಡುವುದೂ ಕೊಳ್ಳುವುದೂ ಎರಡು ಕಡೆಯಿಂದಲೂ ನಡೆದಿರುವಾಗ ಒಬ್ಬರನ್ನು ಮಾತ್ರ ದೂಷಿಸುವುದು ಯುಕ್ತವಲ್ಲ. ಆದರೆ ಒಂದು ಮಾತು ಸ್ಪಷ್ಟ. ಅತ್ಯಂತ ನ್ಯಾಯವೆಂದು ಹೆಸರಾದ ಈ ತಕ್ಕಡಿಯಲ್ಲಿಯೂ ಒಡೆಯನ ಬೆರಳು ಆಗಾಗ ತಗಲುವುದುಂಟು.

ಹಿಂದಿನ ಕಾಲದ ಉದಾಹರಣೆಗಳೂ ಇದಕ್ಕೆ ಹೊರತಲ್ಲ. 1988ರಲ್ಲಿ ಇದೇ ತಂಡಕ್ಕಾಗಿ ಓಡಿದ ಐರ್ಟನ್ ಸೆನ್ನಾ ಮತ್ತು ಅಲೇನ್ ಪ್ರಾಸ್ಟ್ ಸೇರಿ 16 ಪಂದ್ಯಗಳಲ್ಲಿ 15ನ್ನು ಗೆದ್ದರು. ಮರುವರ್ಷವೇ ಪರಸ್ಪರ ವೈಮನಸ್ಯ ಬೆಳೆದು, 1990ಕ್ಕೆ ಪ್ರಾಸ್ಟ್ ಫೆರಾರಿ ತಂಡವನ್ನು ಸೇರಿಕೊಂಡರು. 2007ರಲ್ಲಿ ಎರಡು ಬಾರಿಯ ವಿಶ್ವವಿಜೇತ ಫರ್ನಾಂಡೊ ಅಲೊನ್ಸೊ ಅವರ ಪಕ್ಕಕ್ಕೆ ಲೂಯಿಸ್ ಹ್ಯಾಮಿಲ್ಟನ್ ಎಂಬ ಹೊಸಬರು ಬಂದರು. ಹಳಬರೂ ಹೊಸಬರೂ 109 ಅಂಕಗಳನ್ನೇ ಗಳಿಸಿದರು; ಫೆರಾರಿಯ ಕಿಮಿ ರೈಕೊನೆನ್ 110 ಗಳಿಸಿ ಪದವಿಯನ್ನು ಕೊಂಡೊಯ್ದರು. ಮನೆಯೊಳಗಿನ ಪೈಪೋಟಿ ಮಿತಿಮೀರಿದರೆ ಲಾಭ ನೆರೆಮನೆಗೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇದೆಲ್ಲ ಹೆಸರು ಗಳಿಸಿದವರ ಮಾತಾಯಿತು. ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕುವುದು ಈಗ ತಾನೇ ಮೆಟ್ಟಿಲೇರುತ್ತಿರುವ ತರುಣರ ಪಾಡು. 2025ರಲ್ಲಿ ರೆಡ್ ಬುಲ್ ತಂಡವು ಲಿಯಮ್ ಲಾಸನ್ ಎಂಬ ನ್ಯೂಜಿಲೆಂಡಿನ ಯುವಕನನ್ನು ನಾಲ್ಕು ಬಾರಿಯ ವಿಶ್ವವಿಜೇತ ವರ್ಸ್ಟಾಪನ್ನರ ಜೊತೆಗಾರನನ್ನಾಗಿ ಮಾಡಿತು. ಎರಡೇ ಪಂದ್ಯಗಳು! ಅಷ್ಟರಲ್ಲಿ ಆತನನ್ನು ಆ ಸ್ಥಾನದಿಂದ ಇಳಿಸಿ, ಅದೇ ಸಂಸ್ಥೆಯ ಕಿರಿಯ ತಂಡಕ್ಕೆ ಕಳುಹಿಸಲಾಯಿತು. ಅದೇ ಲಾಸನ್ ಸೆಪ್ಟೆಂಬರಿನಲ್ಲಿ ಬಾಕುವಿನ ಪಂದ್ಯದಲ್ಲಿ ಆ ಕಿರಿಯ ತಂಡದ ಕಾರನ್ನೇ ಐದನೆಯ ಸ್ಥಾನಕ್ಕೆ ತಂದನು. ಎರಡು ವಾರಗಳ ತೂಕ ಎಷ್ಟು ಹುಸಿಯೆಂಬುದು ಇದರಿಂದಲೇ ವೇದ್ಯವಾಗುವುದಿಲ್ಲವೆ?

ಅದೇ ಸಂಸ್ಥೆಯ ಕಿರಿಯ ತಂಡದಲ್ಲಿ ಇಸಾಕ್ ಹಾಜರ್ ಎಂಬ ಫ್ರೆಂಚ್ ತರುಣನಿದ್ದನು. ಮೆಲ್ಬೋರ್ನಿನಲ್ಲಿ ಆತನ ಮೊದಲ ಪಂದ್ಯ. ಪಂದ್ಯ ಆರಂಭವಾಗುವ ಮೊದಲೇ, ಸಾಲುಗಟ್ಟುವ ಸುತ್ತಿನಲ್ಲಿ ಕಾರು ಜಾರಿ ಗೋಡೆಗೆ ಬಡಿಯಿತು. ಹುಡುಗನು ಕಣ್ಣೀರಿಡುತ್ತ ಹಿಂದಿರುಗಿದನು. ಹ್ಯಾಮಿಲ್ಟನ್ನರ ತಂದೆಯವರು ಅವನನ್ನು ತಬ್ಬಿ ಸಂತೈಸಿದ ದೃಶ್ಯವನ್ನು ಲೋಕವೇ ನೋಡಿತು. ಆತನನ್ನು ಯಾರೂ ಆ ದಿನವೇ ಮನೆಗೆ ಕಳುಹಿಸಲಿಲ್ಲ. ಐದೂವರೆ ತಿಂಗಳ ಬಳಿಕ ಹಾಲೆಂಡಿನಲ್ಲಿ ಆತನು ಮೂರನೆಯವನಾಗಿ ಗೌರವ ವೇದಿಕೆಯನ್ನೇರಿದನು. 2026ಕ್ಕೆ ವರ್ಸ್ಟಾಪನ್ನರ ಪಕ್ಕದ ಸ್ಥಾನವೂ ಅವನಿಗೇ ದೊರೆಯಿತು. ಇಬ್ಬರ ನಡುವಣ ಅಂತರಕ್ಕೆ ಪ್ರತಿಭೆಯಷ್ಟೇ ಕಾರಣವೆಂದು ನಾವು ನಂಬಲಾರೆವು. ಒಬ್ಬನಿಗೆ ಕಾಲಾವಕಾಶ ಸಿಕ್ಕಿತು, ಮತ್ತೊಬ್ಬನಿಗೆ ಸಿಗಲಿಲ್ಲ.

ಈ ವಿಷಯದಲ್ಲಿ ಮರ್ಸಿಡಿಸ್ ತಂಡವು ತೋರಿದ ತಾಳ್ಮೆ ಪ್ರಶಂಸನೀಯ. 18 ವರ್ಷದ ಇಟಲಿಯ ಕಿಮಿ ಆಂಟೊನೆಲ್ಲಿಯನ್ನು ಅದು 2025ರಲ್ಲಿ ಜಾರ್ಜ್ ರಸೆಲ್ಲರ ಜೊತೆಗಿರಿಸಿತು. ವರ್ಷದ ಲೆಕ್ಕದಲ್ಲಿ ರಸೆಲ್ಲರಿಗೆ 319 ಅಂಕ, ಹುಡುಗನಿಗೆ 150. ಅಂಕೆಗಳನ್ನು ಮಾತ್ರ ನೋಡುವವನು ಇವನು ಅರ್ಧಕ್ಕೂ ಸಾಲದವನೆಂದು ತಳ್ಳಿಬಿಟ್ಟಾನು. ಆದರೆ ರಸೆಲ್ಲರಿಗೆ ಅದು ಏಳನೆಯ ಋತು, ಇವನಿಗೆ ಮೊದಲನೆಯದು. ಬೇಸಗೆಯಲ್ಲಿ ಯುರೋಪಿನ ಪಂದ್ಯಗಳಲ್ಲಿ ಮೇಲಿಂದ ಮೇಲೆ ಎಡವಿದ ಹುಡುಗನು ನವೆಂಬರಿನಲ್ಲಿ ಬ್ರೆಜಿಲಿನಲ್ಲಿ ಎರಡನೆಯವನಾದನು. ತರುಣನನ್ನು ಜೊತೆಗಾರನೊಡನೆ ತೂಗುವ ಮುನ್ನ, ಅವನ ನಿನ್ನೆಯೊಡನೆ ಅವನ ಇಂದನ್ನು ತೂಗಬೇಕು.

ನಮ್ಮ ನಾಡಿಗೆ ಸೇರಿದ ಒಂದು ಹೆಸರನ್ನೂ ಇಲ್ಲಿ ಸ್ಮರಿಸಬೇಕು. ಬೆಂಗಳೂರಿನ ಕುಶ್ ಮೈನಿ 2024ರಲ್ಲಿ ಫಾರ್ಮುಲಾ ಎರಡರಲ್ಲಿ ಇನ್ವಿಕ್ಟಾ ತಂಡಕ್ಕಾಗಿ ಓಡಿದರು. ಜೊತೆಗಾರ ಬ್ರೆಜಿಲಿನ ಗೇಬ್ರಿಯಲ್ ಬೊರ್ಟೊಲೆಟೊ ಆ ವರ್ಷದ ಚಾಂಪಿಯನ್ ಆಗಿ ಫಾರ್ಮುಲಾ ಒಂದಕ್ಕೇರಿದರು. ನಮ್ಮವರು ಕೆಳಗೇ ಉಳಿದರು. ಜೊತೆಗಾರನೊಡನೆ ತೂಗಿದರೆ ಅವರು ಸೋತವರೇ ಸರಿ. ಆದರೂ 2025ರ ಮೇ ತಿಂಗಳಲ್ಲಿ ಬೇರೊಂದು ತಂಡದಲ್ಲಿ, ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ, ಅವರೇ ಒಂದು ಪಂದ್ಯವನ್ನು ಗೆದ್ದು ಭಾರತದ ಧ್ವಜವನ್ನು ಮೇಲೇರಿಸಿದರು. ಒಂದು ವರ್ಷದ ತೀರ್ಪನ್ನೇ ಹಣೆಬರಹವೆಂದು ಒಪ್ಪಿ ಕುಳಿತಿದ್ದರೆ ಆ ದಿನ ಬರುತ್ತಿರಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟೇ. ತಂಡಗಳು ಹೋಲಿಸಲಿ, ಆದರೆ ಹೋಲಿಸುವ ನಿಯಮವನ್ನು ಋತುವಿನ ಆರಂಭದಲ್ಲಿಯೇ ಬಹಿರಂಗವಾಗಿ ಸಾರಲಿ. ಹೊಸ ಭಾಗಗಳು ಬಂದಾಗ ಇಬ್ಬರಿಗೂ ಒಟ್ಟಿಗೆ ಸಿಗಲಿ. ಹೊಸಬನಿಗೆ ಕಡೆಯ ಪಕ್ಷ ಒಂದು ಪೂರ್ಣ ಋತುವಿನ ಅವಕಾಶವಿರಲಿ. ಕೋಟಿಗಟ್ಟಲೆ ಹಣ ಸುರಿಯುವ ಒಡೆಯರಿಗೆ ತಾಳ್ಮೆ ದುಬಾರಿಯೆನಿಸಬಹುದು. ಲಾಸನ್ನನ ಸ್ಥಾನಕ್ಕೆ ಬಂದ ಯುಕಿ ಸುನೋಡಾ ಅವರೂ ಋತುವಿನ ಕೊನೆಗೆ ಅಲ್ಲಿಂದ ಇಳಿದರೆಂಬುದನ್ನು ನೋಡಿದರೆ, ಆತುರವು ಅದಕ್ಕಿಂತ ದುಬಾರಿಯೆಂಬುದು ತಿಳಿಯುತ್ತದೆ.

ಕಚೇರಿಯಲ್ಲಾಗಲಿ ಹೋಟೆಲಿನಲ್ಲಾಗಲಿ, ಊರಿನಿಂದ ಮೊನ್ನೆ ಬಂದ ಹುಡುಗನನ್ನು ಹತ್ತು ವರ್ಷ ಪಳಗಿದವನ ಪಕ್ಕದಲ್ಲಿ ನಿಲ್ಲಿಸಿ ಹೀಗಳೆಯುವುದು ನಮ್ಮಲ್ಲಿಯೂ ಅಪರೂಪವೇನಲ್ಲ. ಇಂದು ಪಳಗಿದವರೆಲ್ಲರೂ ಒಂದು ದಿನ ಕೈ ಸುಟ್ಟುಕೊಂಡೇ ಕಲಿತವರು ಎಂಬುದನ್ನು ಹಿರಿಯರು ಮರೆಯದಿರಲಿ.