ಚಿಟ್ಟೆಯ ಹೆಸರು ಎಲ್ಲಿರಬೇಕು?



ಪಶ್ಚಿಮ ಆಫ್ರಿಕದ ಕಾಡುಗಳ ಚಿಟ್ಟೆ, ಪತಂಗಗಳ ಬಗ್ಗೆ ಈಚೆಗೆ ಓದುತ್ತಿದ್ದೇನೆ. ಈ ವಯಸ್ಸಿನಲ್ಲಿ ಅಷ್ಟು ದೂರದ ಕೀಟಗಳ ಚಿಂತೆ ಏಕೆಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ಓದಿದಷ್ಟೂ ಒಂದು ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ: ಕಾಡಿನ ಜೀವಿಯನ್ನು ಗುರುತಿಸುವ ಸಾಧನಗಳು ಆ ಕಾಡಿರುವ ನಾಡಿನಲ್ಲಿಯೇ ಇರಬೇಕು.

ಗುರುತಿಸುವುದೆಂದರೆ ಬಣ್ಣ ನೋಡಿ ಹೆಸರು ಹೇಳುವುದಲ್ಲ. ನಮ್ಮಲ್ಲಿ ಎಕ್ಕದ ಗಿಡದ ಸುತ್ತ ಹಾರಾಡುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯನ್ನು ನೀವೆಲ್ಲರೂ ಕಂಡಿದ್ದೀರಿ. ಅದು ಆಫ್ರಿಕದಲ್ಲಿಯೂ ಇದೆ. ಪಶ್ಚಿಮ ಭಾಗದಲ್ಲಿ ಅದರ ಹಿಂರೆಕ್ಕೆ ಸಾಮಾನ್ಯವಾಗಿ ಬಿಳಿ. ದೇಹದಲ್ಲಿ ವಿಷವಿರುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಡನೈಡ್ ಎಗ್‌ಫ್ಲೈ ಎಂಬ ವಿಷವಿಲ್ಲದ ಚಿಟ್ಟೆಯ ಹೆಣ್ಣು ಅದರದೇ ವೇಷ ತೊಡುತ್ತದೆ. ಇದರಲ್ಲಿಯೂ ಬಿಳಿ ಹಿಂರೆಕ್ಕೆಯವು ಉಂಟು. ಇದರ ಗಂಡಾದರೋ ಕಪ್ಪು ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆಗಳುಳ್ಳದ್ದು. ಬಣ್ಣವನ್ನೇ ನಂಬಿದರೆ ಒಂದೇ ಕುಲದ ಗಂಡು ಹೆಣ್ಣುಗಳನ್ನು ಬೇರ್ಪಡಿಸಿ, ಅನ್ಯರನ್ನು ಒಂದೇ ಮನೆಯವರೆಂದು ಬರೆದಿಡುತ್ತೇವೆ. ಹಿಂರೆಕ್ಕೆಯ ಕಪ್ಪು ಚುಕ್ಕೆಗಳನ್ನು ಎಣಿಸಿದಾಗಲೇ ವೇಷ ಕಳಚುವುದು.

ಕಾಡಿನೊಳಗೆ ಹೊಕ್ಕರೆ ಕಷ್ಟ ಇಮ್ಮಡಿ. ಕೊಳೆತ ಬಾಳೆಹಣ್ಣಿನ ವಾಸನೆಗೆ ಬಂದು ಬಲೆಗೆ ಬೀಳುವ ಯೂಫೀಡ್ರಾ ಎಂಬ ಕುಲದ ಚಿಟ್ಟೆಗಳಲ್ಲಿ ಹಲವು ಪರಸ್ಪರ ಎಷ್ಟು ಹೋಲುತ್ತವೆಯೆಂದರೆ ಪಳಗಿದ ಕಣ್ಣೂ ತಡವರಿಸುತ್ತದೆ. ರಾತ್ರಿ ಬಿಳಿ ಬಟ್ಟೆಯ ಮುಂದೆ ದೀಪವಿಟ್ಟು ಹಿಡಿದ ಪತಂಗಗಳಲ್ಲಿ ಅನೇಕವನ್ನು ಗುರುತಿಸಲು ಅವುಗಳ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಮುಂದಿಟ್ಟ ಡಿಎನ್‌ಎ ಬಾರ್‌ಕೋಡ್ ವಿಧಾನಕ್ಕೆ ಒಂದು ಕಾಲಷ್ಟೇ ಸಾಕು. ಆದರೆ ಎಲ್ಲ ವಿಧಾನಗಳ ಕೊನೆಯಲ್ಲಿಯೂ ಇರುವುದು ಹೋಲಿಕೆ. ಹೋಲಿಸಲು, ಸರಿಯಾಗಿ ಹೆಸರಿಸಿದ ಮಾದರಿಯೊಂದು ಇರಲೇಬೇಕು.

ಆ ಮಾದರಿಗಳು ಎಲ್ಲಿವೆ? 1771ರಲ್ಲಿ ಹೆನ್ರಿ ಸ್ಮೀತ್‌ಮನ್ ಸಿಯೆರಾ ಲಿಯೋನಿಗೆ ಹೊರಟದ್ದು ಲಂಡನ್ನಿನ ಸಂಗ್ರಾಹಕರ ಹಣದಿಂದ. ಅವರಲ್ಲೊಬ್ಬನಾದ ಡ್ರೂ ಡ್ರೂರಿ, ಆಫ್ರಿಕದ ಅತಿ ದೊಡ್ಡ ಚಿಟ್ಟೆಯಾದ ಪಪಿಲಿಯೋ ಆಂಟಿಮಾಕಸ್ ಅನ್ನು 1782ರಲ್ಲಿ ಲೋಕಕ್ಕೆ ಪರಿಚಯಿಸಿದ. ಅಂದಿನಿಂದ ಮಾದರಿಗಳ ಪಯಣ ಬಹುಮಟ್ಟಿಗೆ ಯೂರೋಪಿನತ್ತಲೇ ಸಾಗಿತು. ನಮ್ಮ ನೀಲಗಿರಿಯ ಚಿಟ್ಟೆಗಳನ್ನೂ ಅಭ್ಯಸಿಸಿದ್ದ ಡೆನ್ಮಾರ್ಕಿನ ಟಾರ್ಬೆನ್ ಲಾರ್ಸೆನ್ ಅವರು 2005ರಲ್ಲಿ ಪಶ್ಚಿಮ ಆಫ್ರಿಕದ ಚಿಟ್ಟೆಗಳ ಬಗ್ಗೆ ಎರಡು ಸಂಪುಟಗಳ ಗ್ರಂಥ ಹೊರತಂದರು. ಅದು ಮಹದುಪಕಾರ. ಆದರೆ ಎಷ್ಟೇ ಉತ್ತಮ ಗ್ರಂಥವೂ ಮಾದರಿಪೆಟ್ಟಿಗೆಯ ಸ್ಥಾನ ತುಂಬಲಾರದು.

ಆರ್ದ್ರ ಹವೆಯಲ್ಲಿ ಬೂಷ್ಟು, ಇರುವೆಗಳಿಂದ ಮಾದರಿಗಳು ಹಾಳಾಗುತ್ತವೆ, ದೂರದ ಸಂಗ್ರಹಾಲಯವೇ ಕ್ಷೇಮ ಎಂಬ ವಾದವುಂಟು. ಅದರಲ್ಲಿ ಸತ್ಯವಿದೆ. ಆದರೆ ಅದಕ್ಕೆ ಪರಿಹಾರ ಒಣಗಾಳಿಯ ಕೋಣೆ, ಭದ್ರವಾದ ಪೆಟ್ಟಿಗೆ, ನೋಡಿಕೊಳ್ಳುವವರಿಗೆ ಸಂಬಳ. ಎಲ್ಲವನ್ನೂ ಹೊರಗೆ ಸಾಗಿಸುವುದಲ್ಲ. ಘಾನಾದ ಕುಮಾಸಿಯ ಬಳಿಯ ಬೊಬಿರಿ ಅರಣ್ಯವೊಂದರಲ್ಲಿಯೇ ಸುಮಾರು 400 ಬಗೆಯ ಚಿಟ್ಟೆಗಳಿವೆ. ಅಲ್ಲಿಯ ವಿದ್ಯಾರ್ಥಿ ತನ್ನೂರಿನ ಚಿಟ್ಟೆಯ ಹೆಸರು ಕೇಳಲು ಸಮುದ್ರ ದಾಟಬೇಕೇ? ಮರ ಉರುಳುವ ಮುನ್ನ, ಇಲ್ಲಿ ಇಂಥದೊಂದು ಬದುಕಿದೆ ಎಂದು ಅಧಿಕಾರಿಗಳ ಮುಂದೆ ಹೇಳಬೇಕಾದವನು ಅವನೇ ಅಲ್ಲವೇ? ಹೆಸರಿಲ್ಲದುದರ ಪರವಾಗಿ ವಾದಿಸುವುದು ಹೇಗೆ?

ನಾನು ಪಾಠ ಹೇಳಿದ ಶಾಲೆಯೊಂದರ ಕಪಾಟಿನಲ್ಲಿ ಸೂಜಿ ಚುಚ್ಚಿಟ್ಟ ಚಿಟ್ಟೆಗಳಿದ್ದವು. ಎಲ್ಲಿ, ಎಂದು ಹಿಡಿದದ್ದೆಂಬ ಚೀಟಿ ಒಂದಕ್ಕೂ ಇರಲಿಲ್ಲ. ಅವು ಅಲಂಕಾರವಾಗಿದ್ದವೇ ಹೊರತು ವಿದ್ಯೆಯಾಗಿರಲಿಲ್ಲ. ನಿಮ್ಮಲ್ಲಿ ಹಲವರು ಇಂದು ವಿದೇಶದ ಪ್ರಯೋಗಾಲಯಗಳಲ್ಲಿದ್ದೀರಿ. ಯಾವ ನಾಡಿನಿಂದ ಮಾದರಿ ತಂದರೂ ಅನುಮತಿ ಪಡೆದು ತನ್ನಿ, ಚೀಟಿ ಬರೆಯಿರಿ, ಹೆಸರಿಸಿದ ಒಂದು ಪ್ರತಿಯನ್ನು ಆ ನಾಡಿಗೆ ಮರಳಿಸಿ. ನಿಮ್ಮ ಹಳೆಯ ಮೇಷ್ಟರು ಕೇಳುವುದು ಇಷ್ಟೇ.