ಬಲಿಪೀಠವನ್ನೇರಿದ ಬೆಟ್ಟ

ನಿಸರ್ಗಚಿತ್ರವೊಂದು ಬಲಿಪೀಠವನ್ನು ಏರಬಹುದೇ? 1808ರಲ್ಲಿ ಜರ್ಮನ್ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ ಡ್ರೆಸ್ಡೆನ್ನಿನ ತನ್ನ ಚಿತ್ರಶಾಲೆಯಲ್ಲಿ ‘ಬೆಟ್ಟದ ಮೇಲಣ ಶಿಲುಬೆ’ಯನ್ನು ಬಲಿಪೀಠದ ಚಿತ್ರವೆಂಬಂತೆ ಪ್ರದರ್ಶಿಸಿದನು. ಇದು ಸಲ್ಲದೆಂದು ವಿಮರ್ಶಕ ರಾಮ್ಡೋರ್ 1809ರಲ್ಲಿ ಕಟುವಾಗಿ ಆಕ್ಷೇಪಿಸಿದನು. ಕಲಾವಿದನ ವಿವರಣೆ ಹೀಗಿತ್ತು: ಬಂಡೆಯು ಅಚಲ ವಿಶ್ವಾಸದ ಕುರುಹು, ನಿತ್ಯಹಸುರಿನ ಮರಗಳು ಭರವಸೆಯ ಕುರುಹು; ಮುಳುಗುವ ಸೂರ್ಯನೊಡನೆ, ದೇವರು ಭುವಿಯಲ್ಲಿ ನೇರವಾಗಿ ಸಂಚರಿಸಿದ ಹಳೆಯ ಲೋಕವೂ ಅಸ್ತಮಿಸಿತು.

ಇದು ನಿಸರ್ಗಾರಾಧನೆಯೇ? ಅಲ್ಲವೆಂದೇ ನನ್ನ ಅಭಿಮತ. ಚಿತ್ರದಲ್ಲಿ ಸೂರ್ಯನು ಬೆಟ್ಟದ ಮರೆಯಲ್ಲಿದ್ದಾನೆ. ಅವನ ಬೆಳಕನ್ನು ಇಳೆಗೆ ಪ್ರತಿಫಲಿಸುವುದು ಶಿಲುಬೆಯ ಮೇಲಿನ ಕ್ರಿಸ್ತನ ಪ್ರತಿಮೆ. ಬೆಟ್ಟವು ದೇವರಲ್ಲ, ಶಿಲುಬೆಯನ್ನು ಹೊತ್ತ ಸಾಕ್ಷಿ. ಸೃಷ್ಟಿಯನ್ನೇ ಸೃಷ್ಟಿಕರ್ತನೆಂದು ಪೂಜಿಸುವುದು ಒಂದು ಪ್ರಮಾದ. ಸೃಷ್ಟಿಯಲ್ಲಿ ಕಲ್ಲು, ಮರ, ಬೆಲೆಗಳನ್ನಲ್ಲದೆ ಬೇರೇನನ್ನೂ ಕಾಣದಿರುವುದು ಇನ್ನೊಂದು. ರಾಮ್ಡೋರ್ ಮೊದಲನೆಯದಕ್ಕೆ ಅಂಜಿದನು. ನಾವು ಅಂಜಬೇಕಾದುದು ಎರಡನೆಯದಕ್ಕೆ.